ಹಾಬ್ಸ್‌ಬರ್ಗ್ ಆರ್ಚ್‌ಡ್ಯೂಕ್‌ಗಳು: ಹುಟ್ಟಿನಿಂದ ಬಂದ ಪದವಿ, ಕೇಳಿ ಪಡೆಯಬೇಕಿದ್ದ ಬದುಕು

ಶಾಲೆಯ ಇತಿಹಾಸ ಪುಸ್ತಕದಲ್ಲಿ ನಮಗೆ ಸಿಗುವುದು ಒಬ್ಬನೇ ಒಬ್ಬ ಆರ್ಚ್‌ಡ್ಯೂಕ್. ಮೊದಲ ಮಹಾಯುದ್ಧಕ್ಕೆ ತಕ್ಷಣದ ಕಾರಣವೇನು ಎಂಬ ಒಂದು ಅಂಕದ ಪ್ರಶ್ನೆಗೆ ಅವನ ಸಾವೇ ಉತ್ತರ. 1914ರ ಜೂನ್ 28ರಂದು ಸರಾಯೆವೊ ಊರಿನಲ್ಲಿ ಗುಂಡೇಟು ತಿಂದು ಸತ್ತ ಫ್ರಾಂಜ್ ಫರ್ಡಿನಾಂಡ್. ಉತ್ತರ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ. ಆರ್ಚ್‌ಡ್ಯೂಕ್ ಎಂದರೆ ಯಾರು, ಅಂಥವರು ಎಷ್ಟು ಜನ ಇದ್ದರು, ಅವರು ಬದುಕಿದ್ದು ಹೇಗೆ ಎಂದು ಯಾರೂ ಹೇಳುವುದಿಲ್ಲ. ನನಗಂತೂ ಆ ಗುಂಡೇಟಿಗಿಂತ ಅದರ ಹಿಂದಿನ ಈ ಕಥೆಯೇ ಜಾಸ್ತಿ ಕಾಡುತ್ತದೆ. ಯುರೋಪಿನ ಅತ್ಯಂತ ದೊಡ್ಡ ರಾಜಮನೆತನದಲ್ಲಿ ಹುಟ್ಟಿಯೂ, ಯಾವ ಊರಿನಲ್ಲಿ ಇರಬೇಕು, ಯಾರನ್ನು ಮದುವೆಯಾಗಬೇಕು ಎಂಬುದನ್ನು ತಾವೇ ತೀರ್ಮಾನಿಸಲು ಆಗದ ಜನರ ಕಥೆ ಅದು.

ಮೊದಲು ಪದವಿಯ ವಿಷಯ. ಹಾಬ್ಸ್‌ಬರ್ಗ್ ಮನೆತನ 1282ರಿಂದ 1918ರವರೆಗೆ ಆಸ್ಟ್ರಿಯಾವನ್ನು ಆಳಿತು. ಹಂಗೆರಿ, ಬೊಹೀಮಿಯಾ (ಇಂದಿನ ಚೆಕ್ ಪ್ರದೇಶ), ಇಟಲಿಯ ಕೆಲವು ಭಾಗಗಳು ಬೇರೆ ಬೇರೆ ಕಾಲದಲ್ಲಿ ಇದೇ ಮನೆತನದ ಕೈಯಲ್ಲಿದ್ದವು. ಇಂಗ್ಲೆಂಡಿನಲ್ಲಿ ರಾಜ ತನ್ನ ಮಗನನ್ನೋ ತಮ್ಮನನ್ನೋ ಕರೆದು ಡ್ಯೂಕ್ ಪದವಿ ಕೊಡುತ್ತಾನೆ. ಇಲ್ಲಿ ಹಾಗಲ್ಲ. ಈ ಮನೆಯಲ್ಲಿ ಹುಟ್ಟಿದ ಪ್ರತಿ ಗಂಡು ಮಗುವೂ ಆರ್ಚ್‌ಡ್ಯೂಕ್, ಪ್ರತಿ ಹೆಣ್ಣು ಮಗುವೂ ಆರ್ಚ್‌ಡಚೆಸ್. ಚಕ್ರವರ್ತಿಯ ಮಗನೇ ಆಗಬೇಕಿಲ್ಲ. ಚಿಕ್ಕಪ್ಪನ ಮೊಮ್ಮಗನಾದರೂ ಸಾಕು. ಗಂಡಸರ ಕಡೆಯಿಂದ ರಕ್ತ ಹರಿದು ಬಂದಿರಬೇಕು, ಅಪ್ಪ ಅಮ್ಮನ ಮದುವೆ ಮನೆತನದ ನಿಯಮದಂತೆ ಆಗಿರಬೇಕು, ಅಷ್ಟೇ.

ಈ ಪದವಿ ಹುಟ್ಟಿದ್ದು ಒಂದು ಸುಳ್ಳು ದಾಖಲೆಯಿಂದ. 1356ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ (ಜರ್ಮನ್ ನಾಡುಗಳ ಒಕ್ಕೂಟದ) ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ ಒಂದು ಶಾಸನ ಹೊರಡಿಸಿ, ಮುಂದಿನ ಚಕ್ರವರ್ತಿಗಳನ್ನು ಆರಿಸುವ ಹಕ್ಕನ್ನು ಏಳು ಮಂದಿಗೆ ಕೊಟ್ಟ. ಆ ಏಳರಲ್ಲಿ ಹಾಬ್ಸ್‌ಬರ್ಗ್‌ಗಳಿಗೆ ಜಾಗ ಸಿಗಲಿಲ್ಲ. ಆಸ್ಟ್ರಿಯಾದ ಡ್ಯೂಕ್ ನಾಲ್ಕನೇ ರುಡಾಲ್ಫ್ ಆಗ ಇನ್ನೂ ಇಪ್ಪತ್ತರ ಆಸುಪಾಸಿನ ಹುಡುಗ. ಮೇಲಾಗಿ ಆ ಚಕ್ರವರ್ತಿಯ ಅಳಿಯ. ಅವಮಾನ ತಡೆಯಲಾಗದೆ 1358-59ರಲ್ಲಿ ತನ್ನ ಕಚೇರಿಯಲ್ಲಿ ಹಳೆಯ ಪತ್ರಗಳಂತೆ ಕಾಣುವ ದಾಖಲೆಗಳನ್ನು ಬರೆಸಿದ. ಅವುಗಳ ಪ್ರಕಾರ ಆಸ್ಟ್ರಿಯಾದ ದೊರೆ ಉಳಿದ ಡ್ಯೂಕ್‌ಗಳಿಗಿಂತ ಮೇಲು, ಅವನು ಆರ್ಚ್‌ಡ್ಯೂಕ್. ಸಾಕ್ಷಿಗೆ ಜೂಲಿಯಸ್ ಸೀಸರ್ ಮತ್ತು ನೀರೋ ಬರೆದರೆನ್ನುವ ಪತ್ರಗಳೂ ಅದರೊಳಗಿದ್ದವು. ಮಾವನಿಗೆ ಅನುಮಾನ ಬಂತು. ಇಟಲಿಯ ಕವಿ, ವಿದ್ವಾಂಸ ಪೆಟ್ರಾರ್ಕನಿಗೆ ತೋರಿಸಿದ. ಪೆಟ್ರಾರ್ಕ್ ಭಾಷೆ ನೋಡಿಯೇ ಇದು ಖೋಟಾ ಎಂದು ಬರೆದು ಕಳಿಸಿದ. ಆದರೆ ಸುಮಾರು ನೂರು ವರ್ಷಗಳ ನಂತರ ಹಾಬ್ಸ್‌ಬರ್ಗ್ ಮನೆತನದವನೇ ಆದ ಮೂರನೇ ಫ್ರೆಡ್ರಿಕ್ ಚಕ್ರವರ್ತಿಯಾದ. 1453ರಲ್ಲಿ ಅದೇ ದಾಖಲೆಗಳಿಗೆ ಮುದ್ರೆ ಒತ್ತಿದ. ಅಲ್ಲಿಗೆ ಖೋಟಾ ಪದವಿ ಕಾನೂನಿನ ಪದವಿಯಾಯಿತು. ಮುಂದೆ ನಿಧಾನವಾಗಿ ಮನೆಯ ಎಲ್ಲ ಮಕ್ಕಳಿಗೂ ಹಬ್ಬಿತು.

ಮಕ್ಕಳು ಎಷ್ಟು? 18ನೇ ಶತಮಾನದಲ್ಲಿ ಆಸ್ಟ್ರಿಯಾವನ್ನು ಆಳಿದ ರಾಣಿ ಮರಿಯಾ ತೆರೇಸಾಗೆ 16 ಮಕ್ಕಳು. ಮುಂದೆ ಚಕ್ರವರ್ತಿಯಾದ ಅವಳ ಮಗ ಎರಡನೇ ಲಿಯೋಪೋಲ್ಡ್‌ಗೂ 16. ಈ ಲಿಯೋಪೋಲ್ಡನ ಗಂಡು ಮಕ್ಕಳಿಂದಲೇ ಮನೆತನ ಹಲವು ಕವಲಾಗಿ ಒಡೆಯಿತು. ಒಂದು ಕವಲು ಇಟಲಿಯ ಟಸ್ಕನಿಯಲ್ಲಿ ಆಳಿತು. ಇನ್ನೊಂದು ಟೆಶೆನ್ ಕವಲು, ಮತ್ತೊಂದು ಹಂಗೆರಿಯಲ್ಲಿ ನೆಲೆಯೂರಿದ ಕವಲು. 19ನೇ ಶತಮಾನದ ಕೊನೆಯ ಹೊತ್ತಿಗೆ ಹತ್ತಾರು ಆರ್ಚ್‌ಡ್ಯೂಕ್‌ಗಳು ಒಂದೇ ಕಾಲದಲ್ಲಿ ಬದುಕಿದ್ದರು. ಸಿಂಹಾಸನ ಇದ್ದದ್ದು ಒಂದೇ.

ಇಷ್ಟು ಜನರ ಖರ್ಚು ಎಲ್ಲಿಂದ ಬರಬೇಕು? ಮರಿಯಾ ತೆರೇಸಾಳ ಗಂಡ ಫ್ರಾನ್ಸಿಸ್ ಸ್ಟೀಫನ್ ವ್ಯವಹಾರದಲ್ಲಿ ಗಟ್ಟಿಗ. 1765ರಲ್ಲಿ ಅವನು ಸತ್ತಾಗ ಜಮೀನು, ಹೂಡಿಕೆ ಎಲ್ಲ ಸೇರಿ ದೊಡ್ಡ ಆಸ್ತಿ ಬಿಟ್ಟುಹೋದ. ಅದರಿಂದ ಒಂದು ಕುಟುಂಬ ನಿಧಿ ಮಾಡಿದರು. ಮನೆಯವರಿಗೆ ವರ್ಷಾಶನ, ಮದುವೆ ಖರ್ಚು, ವಿಧವೆಯರ ಪಾಲು ಎಲ್ಲ ಇದರಿಂದ ಹೊರಡುತ್ತಿತ್ತು. ಆದರೆ ನಿಧಿಯ ಬೀಗದ ಕೈ ಇದ್ದದ್ದು ಮನೆಯ ಮುಖ್ಯಸ್ಥನ ಹತ್ತಿರ, ಅಂದರೆ ಚಕ್ರವರ್ತಿಯ ಹತ್ತಿರ. ನಮ್ಮ ಹಳೆಯ ಕೂಡು ಕುಟುಂಬಗಳಲ್ಲಿ ಯಜಮಾನನ ಮಾತೇ ಕೊನೆ ಮಾತಾಗಿತ್ತಲ್ಲ, ಹಾಗೆ. ವ್ಯತ್ಯಾಸ ಏನೆಂದರೆ, ಇಲ್ಲಿ ಯಜಮಾನನ ಬೆನ್ನಿಗೆ ಸೈನ್ಯ, ಪೊಲೀಸು, ಕೋರ್ಟು ಎಲ್ಲ ಇತ್ತು.

ಈ ಯಜಮಾನಿಕೆಯನ್ನು 1839ರಲ್ಲಿ ಬರಹಕ್ಕೆ ಇಳಿಸಿದರು. ಅದೇ ಕುಟುಂಬ ಶಾಸನ. ಅದನ್ನು ಪ್ರಕಟಿಸಲಿಲ್ಲ, ಮನೆಯೊಳಗೇ ಇಟ್ಟುಕೊಂಡರು. ಅದರ ಪ್ರಕಾರ ಮನೆಯ ಯಾರೇ ಮದುವೆಯಾಗಬೇಕಾದರೂ ಚಕ್ರವರ್ತಿಯ ಒಪ್ಪಿಗೆ ಬೇಕು. ಬೇರೆ ದೇಶಕ್ಕೆ ಹೋಗಲೂ ಒಪ್ಪಿಗೆ ಬೇಕು. ಫ್ರಾಂಜ್ ಜೋಸೆಫ್ 1848ರಿಂದ 1916ರವರೆಗೆ, 68 ವರ್ಷ ಚಕ್ರವರ್ತಿಯಾಗಿದ್ದ. ಯೋಚಿಸಿ ನೋಡಿ, ಅವನ ತಮ್ಮಂದಿರು, ಮಗ, ತಮ್ಮನ ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಮದುವೆಗೂ ಪ್ರಯಾಣಕ್ಕೂ ಅದೇ ಒಬ್ಬ ಮನುಷ್ಯನ ಮುಂದೆ ನಿಲ್ಲಬೇಕಿತ್ತು. ಮೂರು ತಲೆಮಾರಿನ ಆರ್ಚ್‌ಡ್ಯೂಕ್‌ಗಳ ಬದುಕಿಗೆ ಒಂದೇ ಬಾಗಿಲು.

ಬಾಲ್ಯವೂ ಅವರದಾಗಿರಲಿಲ್ಲ. ಮಗು ಮೊದಲ ಕೆಲವು ವರ್ಷ ಆಯಾ ಕೈಯಲ್ಲಿ. ಆಮೇಲೆ ಗಂಡು ಮಕ್ಕಳನ್ನು ಒಬ್ಬ ಸೇನಾಧಿಕಾರಿಯ ಸುಪರ್ದಿಗೆ ಒಪ್ಪಿಸುತ್ತಿದ್ದರು. ಸಾಮ್ರಾಜ್ಯದಲ್ಲಿ ಹತ್ತಕ್ಕೂ ಹೆಚ್ಚು ಭಾಷೆಗಳಿದ್ದವು. ಹಾಗಾಗಿ ಜರ್ಮನ್, ಫ್ರೆಂಚ್ ಜೊತೆಗೆ ಹಂಗೇರಿಯನ್, ಚೆಕ್, ಇಟಾಲಿಯನ್ ಕೂಡ ಕಲಿಯಬೇಕು. ಕತ್ತಿವರಸೆ, ಕುದುರೆ ಸವಾರಿ, ಕವಾಯತು ಬೇರೆ. ಫ್ರಾಂಜ್ ಜೋಸೆಫನ ಮಗ, ಯುವರಾಜ ರುಡಾಲ್ಫ್ 1858ರ ಆಗಸ್ಟ್ 21ರಂದು ಹುಟ್ಟಿದ. ಹುಟ್ಟುತ್ತಿದ್ದ ಹಾಗೆಯೇ ಅವನನ್ನು 19ನೇ ಪದಾತಿ ರೆಜಿಮೆಂಟಿನ ಕರ್ನಲ್ ಎಂದು ಘೋಷಿಸಿದರು. ಆರು ವರ್ಷವಾದಾಗ ಗೊಂಡ್ರೆಕೋರ್ಟ್ ಎಂಬ ಅಧಿಕಾರಿಗೆ ಒಪ್ಪಿಸಿದರು. ಸೂಕ್ಷ್ಮ ಸ್ವಭಾವದ ಮಗುವನ್ನು ಗಟ್ಟಿ ಮಾಡಬೇಕೆಂದು ಅವನು ಮಗು ಮಲಗಿದ್ದಾಗ ಪಿಸ್ತೂಲು ಹಾರಿಸಿ ಎಬ್ಬಿಸುತ್ತಿದ್ದ, ಚಳಿಯಲ್ಲಿ ನಿಲ್ಲಿಸಿ ಕವಾಯತು ಮಾಡಿಸುತ್ತಿದ್ದ. 1865ರಲ್ಲಿ ತಾಯಿ ಎಲಿಸಬೆತ್ ಗಂಡನಿಗೆ ಪತ್ರ ಬರೆದು, ಮಕ್ಕಳ ವಿಷಯದಲ್ಲಿ ತನಗೆ ಪೂರ್ತಿ ಅಧಿಕಾರ ಬೇಕೆಂದು ಹಟ ಹಿಡಿದ ಮೇಲೆಯೇ ಅದು ನಿಂತಿತು. ಮುಂದೆ ಅದೇ ಹುಡುಗ ಹಕ್ಕಿಗಳನ್ನು ಅಧ್ಯಯನ ಮಾಡಿದ, ಹೆಸರು ಹಾಕದೆ ಉದಾರವಾದಿ ಪತ್ರಿಕೆಗೆ ಲೇಖನ ಬರೆದ. ಆದರೆ ಆಡಳಿತದಲ್ಲಿ ಅವನಿಗೆ ನಿಜವಾದ ಕೆಲಸವನ್ನೇ ಕೊಡಲಿಲ್ಲ. 1889ರ ಜನವರಿ 30ರಂದು ಮಾಯರ್‌ಲಿಂಗ್ ಬೇಟೆಮನೆಯಲ್ಲಿ 17 ವರ್ಷದ ಮೇರಿ ವೆಟ್ಸೆರಾ ಜೊತೆ ಅವನ ಹೆಣ ಸಿಕ್ಕಿತು. ಆ ಸಾವಿನ ಬಗ್ಗೆ ರಾಶಿ ರಾಶಿ ಬರೆದಿದ್ದಾರೆ. ಅದಕ್ಕಿಂತ ಆ ಆರು ವರ್ಷದ ಮಗುವಿನ ಬಗ್ಗೆ ಬರೆಯಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ದೊಡ್ಡವರಾದ ಮೇಲೆ ಮುಂದಿದ್ದ ದಾರಿಗಳು ಕಮ್ಮಿ. ಸೇನೆ, ಇಲ್ಲವೇ ಚರ್ಚು, ಇಲ್ಲವೇ ಯಾವುದಾದರೂ ಪ್ರಾಂತದ ಗವರ್ನರ್ ಹುದ್ದೆ. ಬಹುತೇಕರು ಸೇನೆಗೆ ಹೋದರು. ಅವರಲ್ಲಿ ನಿಜವಾದ ಪ್ರತಿಭಾವಂತರೂ ಇದ್ದರು. ಮೂರ್ಛೆ ರೋಗದಿಂದ ನರಳುತ್ತಿದ್ದ, ಲಿಯೋಪೋಲ್ಡನ ಮಗ ಆರ್ಚ್‌ಡ್ಯೂಕ್ ಕಾರ್ಲ್ 1809ರ ಮೇ ತಿಂಗಳಲ್ಲಿ ಆಸ್ಪರ್ನ್ ಎಂಬಲ್ಲಿ ನೆಪೋಲಿಯನ್‌ನನ್ನು ಹಿಮ್ಮೆಟ್ಟಿಸಿದ. ಆದರೆ ಅದೇ ಜುಲೈನಲ್ಲಿ ವಾಗ್ರಾಮ್ ಯುದ್ಧ ಸೋತ. ಅಲ್ಲಿಗೆ ಅವನ ಸೇನಾ ಬದುಕು ಮುಗಿಯಿತು. ಆಗ ಅವನಿಗೆ 37 ವರ್ಷ. ಚರ್ಚಿಗೆ ಹೋದವರಲ್ಲಿ ನಾವು ನೆನೆಯಬೇಕಾದವನು ಅವನ ತಮ್ಮ ರುಡಾಲ್ಫ್ (ಮೇಲೆ ಹೇಳಿದ ಯುವರಾಜನಲ್ಲ, ಅವನಿಗಿಂತ ಹಿಂದಿನವನು). ಅನಾರೋಗ್ಯದಿಂದ ಸೇನೆ ಅವನಿಗೆ ಒಗ್ಗಲಿಲ್ಲ. ಪಿಯಾನೋ ಕಲಿಯಲು ಸಂಗೀತ ರಚನೆಕಾರ ಬೀಥೋವನ್ ಹತ್ತಿರ ಹೋದ. 1809ರಲ್ಲಿ ಬೀಥೋವನ್ ವಿಯೆನ್ನಾ ಬಿಟ್ಟು ಹೊರಡುವ ಯೋಚನೆಯಲ್ಲಿದ್ದಾಗ, ಇಬ್ಬರು ಶ್ರೀಮಂತರ ಜೊತೆ ಸೇರಿ ವರ್ಷಕ್ಕೆ 4000 ಫ್ಲೋರಿನ್ ವರ್ಷಾಶನ ಗೊತ್ತು ಮಾಡಿದ. ಅದರಲ್ಲಿ 1500 ಇವನ ಪಾಲು. 1819ರಲ್ಲಿ ಓಲೊಮೋಟ್ಸ್ ಊರಿನ ಆರ್ಚ್‌ಬಿಷಪ್ ಆಗಿ ಆಯ್ಕೆಯಾದ. ಅವನ ಪಟ್ಟಾಭಿಷೇಕಕ್ಕೆಂದು ಬೀಥೋವನ್ ಶುರು ಮಾಡಿದ ರಚನೆಯೇ ‘ಮಿಸ್ಸಾ ಸೊಲೆಮ್ನಿಸ್’. ಸಮಾರಂಭ 1820ರಲ್ಲೇ ಮುಗಿದುಹೋಯಿತು, ಸಂಗೀತ ಪೂರ್ತಿಯಾಗಿದ್ದು 1823ರಲ್ಲಿ.

ಹೆಣ್ಣು ಮಕ್ಕಳ ಪಾಡು ಇನ್ನೂ ಕಷ್ಟ. ಅವರಿಗೆ ಎರಡೇ ದಾರಿ: ರಾಜಕೀಯ ಮದುವೆ ಅಥವಾ ಮಠದ ಬದುಕು. ನೇಪಲ್ಸ್ ರಾಜನಿಗೆ ಮರಿಯಾ ತೆರೇಸಾ ಮೊದಲು ಮಗಳು ಯೋಹಾನಾಳನ್ನು ಗೊತ್ತು ಮಾಡಿದ್ದಳು. 1762ರಲ್ಲಿ ಅವಳು ಸಿಡುಬಿಗೆ ಸತ್ತಳು. ಅವಳ ಜಾಗಕ್ಕೆ ಯೋಸೆಫಾ. 1767ರಲ್ಲಿ ಅವಳೂ ಸಿಡುಬಿಗೆ ಸತ್ತಳು. ಮರುವರ್ಷವೇ ಮೂರನೆಯವಳಾದ ಮರಿಯಾ ಕ್ಯಾರೊಲಿನಾಳನ್ನು ಅದೇ ರಾಜನಿಗೆ ಕೊಟ್ಟು ಕಳಿಸಿದರು. ಅವಳ ತಂಗಿಯೇ ಫ್ರಾನ್ಸಿನ ರಾಣಿಯಾಗಿ ಗಿಲೊಟಿನ್‌ಗೆ ತಲೆ ಕೊಟ್ಟ ಮರೀ ಆಂಟ್ವಾನೆಟ್. ತಾಯಿಯ ಮೆಚ್ಚಿನ ಮಗಳು ಮರೀ ಕ್ರಿಸ್ಟೀನ್ ಒಬ್ಬಳಿಗೆ ಮಾತ್ರ ಪ್ರೀತಿಸಿದವನನ್ನು ಮದುವೆಯಾಗುವ ಭಾಗ್ಯ ಸಿಕ್ಕಿತು. ಅವಳ ಗಂಡ ಆಲ್ಬರ್ಟ್ ಕೂಡಿಟ್ಟ ಚಿತ್ರಸಂಗ್ರಹವೇ ಇಂದು ವಿಯೆನ್ನಾದಲ್ಲಿರುವ ಆಲ್ಬರ್ಟೀನಾ ಮ್ಯೂಸಿಯಂ.

ಮದುವೆಯ ನಿಯಮವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಳಿದ ಎಲ್ಲ ಗೋಳೂ ಇದರಿಂದಲೇ ಶುರುವಾಗುತ್ತದೆ. ಗಂಡಾಗಲಿ ಹೆಣ್ಣಾಗಲಿ ಸಮಾನ ಅಂತಸ್ತಿನ ಮನೆತನದವರಾಗಿರಬೇಕು. ಅಂದರೆ ಆಳುತ್ತಿರುವ, ಇಲ್ಲವೇ ಹಿಂದೆ ಆಳಿದ ಮನೆತನ. ಡ್ಯೂಕ್‌ಗಿಂತ ಕೆಳಗಿನ ಪದವಿಯಾದ ಕೌಂಟ್ ಕುಟುಂಬ ಎಷ್ಟೇ ಶ್ರೀಮಂತವಾಗಿದ್ದರೂ ಸಾಲದು. ಜೊತೆಗೆ ಸಾಮಾನ್ಯವಾಗಿ ಕ್ಯಾಥೊಲಿಕ್ ಆಗಿರಬೇಕು. ಹೀಗೆ ಸೋಸುತ್ತಾ ಹೋದರೆ ಉಳಿಯುವ ಮನೆಗಳು ಬೆರಳೆಣಿಕೆಯಷ್ಟು. ಹಾಗಾಗಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳ ನಡುವೆಯೇ ತಲೆಮಾರುಗಟ್ಟಲೆ ಮದುವೆಗಳು ನಡೆದವು. 1835ರಲ್ಲಿ ಪಟ್ಟಕ್ಕೆ ಬಂದ ಚಕ್ರವರ್ತಿ ಒಂದನೇ ಫರ್ಡಿನಾಂಡನ ಅಪ್ಪ ಅಮ್ಮ ಎರಡೂ ಕಡೆಯಿಂದ ಒಡಹುಟ್ಟಿದವರ ಮಕ್ಕಳು. ಅವನು ಜೀವನಪೂರ್ತಿ ಮೂರ್ಛೆ ರೋಗದಿಂದ ನರಳಿದ. ಈ ನಿಯಮ ಮೀರಿದರೆ ಹೆಂಡತಿಗೂ ಮಕ್ಕಳಿಗೂ ಪದವಿ ಇಲ್ಲ, ಸಿಂಹಾಸನದ ಹಕ್ಕೂ ಇಲ್ಲ.

ಇದನ್ನು ಮೀರಿಯೂ ಒಂದು ಪೂರ್ಣ ಬದುಕು ಕಟ್ಟಿಕೊಂಡವನು ಆರ್ಚ್‌ಡ್ಯೂಕ್ ಯೋಹಾನ್. ಈ ಇಡೀ ಮನೆತನದಲ್ಲಿ ನನಗೆ ತುಂಬ ಇಷ್ಟವಾದವನು ಇವನೇ. 1782ರಲ್ಲಿ ಹುಟ್ಟಿದ, ಲಿಯೋಪೋಲ್ಡನ 13ನೇ ಮಗು. ನೆಪೋಲಿಯನ್ ವಿರುದ್ಧ ಟಿರೋಲ್ ಬೆಟ್ಟದ ಜನರನ್ನು ದಂಗೆ ಎಬ್ಬಿಸುವ ಯೋಜನೆಯಲ್ಲಿ ಅವನ ಹೆಸರು ಬಂತು. ಚಕ್ರವರ್ತಿಯಾಗಿದ್ದ ಸ್ವಂತ ಅಣ್ಣ ಫ್ರಾನ್ಸಿಸ್ ಅವನು ಟಿರೋಲಿಗೆ ಕಾಲಿಡದಂತೆ ಮಾಡಿದ. ಯೋಹಾನ್ ಸ್ಟಿರಿಯಾ ಪ್ರಾಂತದಲ್ಲಿ ನೆಲೆಸಿದ. ಆ ನಿಷೇಧಕ್ಕೂ ಮುಂಚೆ, 1811ರಲ್ಲೇ ತನ್ನ ಸಂಗ್ರಹಗಳನ್ನೆಲ್ಲ ಕೊಟ್ಟು ಗ್ರಾಟ್ಸ್ ನಗರದಲ್ಲಿ ಯೊಹಾನೇಯುಮ್ ಎಂಬ ಸಂಸ್ಥೆ ಶುರು ಮಾಡಿದ. ಅದು ಮ್ಯೂಸಿಯಮ್ಮೂ ಹೌದು, ಪಾಠ ಹೇಳುವ ಜಾಗವೂ ಹೌದು. ಇಂದಿಗೂ ಮ್ಯೂಸಿಯಂ ಆಗಿ ನಡೆಯುತ್ತಿದೆ. ರೈತರಿಗಾಗಿ ಕೃಷಿ ಸಂಘ ಕಟ್ಟಿದ. ಫೋರ್ಡರ್ನ್‌ಬರ್ಗ್‌ನಲ್ಲಿ ಕಬ್ಬಿಣದ ಕುಲುಮೆ ಕೊಂಡು ತಾನೇ ನಡೆಸಿದ. ಅಲ್ಲಿ ಶುರುವಾದ ಗಣಿ ಶಾಲೆಯೇ ಮುಂದೆ ಲಿಯೋಬೆನ್ ಊರಿನ ಗಣಿ ವಿಶ್ವವಿದ್ಯಾಲಯವಾಯಿತು. ಅರಮನೆಯ ಪೋಷಾಕು ಬಿಟ್ಟು ಬೆಟ್ಟದ ಜನ ತೊಡುವ ಬೂದು ಕೋಟು ತೊಟ್ಟ.

1819ರಲ್ಲಿ ಅವನು ಆನ್ನಾ ಪ್ಲೋಖಲ್‌ಳನ್ನು ಕಂಡ. ಆಸ್ಸೇ ಊರಿನ ಅಂಚೆ ಠಾಣೆಯವನ ಮಗಳು. ಇವನಿಗೆ 37, ಅವಳಿಗೆ 15. ಈಗಿನ ಕಣ್ಣಿಗೆ ಆ ಅಂತರ ಮುಜುಗರ ತರುತ್ತದೆ, ಅದನ್ನು ಮುಚ್ಚಿಡುವುದು ಬೇಡ. ಅವಳನ್ನು ಗುಟ್ಟಾಗಿ ಇಟ್ಟುಕೊಂಡಿದ್ದರೆ ಅರಮನೆ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಂಥದ್ದು ಅಲ್ಲಿ ನಡೆಯುತ್ತಲೇ ಇತ್ತು. ಇವನು ಮದುವೆಯೇ ಆಗಬೇಕೆಂದು ಹಟ ಹಿಡಿದ. ಅಣ್ಣನ ಒಪ್ಪಿಗೆಗಾಗಿ ವರ್ಷಗಟ್ಟಲೆ ಕಾದ. ಕೊನೆಗೆ 1829ರ ಫೆಬ್ರವರಿಯಲ್ಲಿ ತನ್ನದೇ ಬ್ರಾಂಡ್‌ಹೋಫ್ ತೋಟದಮನೆಯಲ್ಲಿ ರಾತ್ರಿ ಹೊತ್ತು, ಸದ್ದಿಲ್ಲದೆ ಮದುವೆಯಾಯಿತು. ಹೆಂಡತಿ ಆರ್ಚ್‌ಡಚೆಸ್ ಆಗಲಿಲ್ಲ, ಮಗ ಆರ್ಚ್‌ಡ್ಯೂಕ್ ಆಗಲಿಲ್ಲ. ಮಗನಿಗೆ ಆಮೇಲೆ ಮೆರಾನ್ ಕೌಂಟ್ ಎಂಬ ಪದವಿ ಸಿಕ್ಕಿತು. 1848ರ ಕ್ರಾಂತಿಯಲ್ಲಿ ಫ್ರಾಂಕ್‌ಫರ್ಟ್ ಸಂಸತ್ತು ಇಡೀ ಜರ್ಮನಿಗೆ ತಾತ್ಕಾಲಿಕ ಮುಖ್ಯಸ್ಥನನ್ನು ಹುಡುಕಿದಾಗ ಆರಿಸಿದ್ದು ಇವನನ್ನೇ. ಅದು ಹೆಚ್ಚು ಕಾಲ ಬಾಳಲಿಲ್ಲ. 1850ರಲ್ಲಿ ಸ್ಟೈನ್ಸ್ ಎಂಬ ಪುಟ್ಟ ಊರಿನ ಜನ ಅವನನ್ನು ತಮ್ಮ ಮೇಯರ್ ಆಗಿ ಆರಿಸಿದರು. ಚಕ್ರವರ್ತಿಯ ಮಗ, ಚಕ್ರವರ್ತಿಯ ತಮ್ಮ ಚುನಾವಣೆಯಲ್ಲಿ ಗೆದ್ದು ಊರಿನ ಚರಂಡಿ, ರಸ್ತೆ ನೋಡಿಕೊಳ್ಳುವ ಹುದ್ದೆಗೆ ಬಂದ. ಸಂಗೀತ ನಿರ್ದೇಶಕ ನಿಕೋಲಾಸ್ ಹಾರ್ನೊನ್‌ಕೂರ್ ಈ ಯೋಹಾನ್ ಮತ್ತು ಆನ್ನಾ ದಂಪತಿಯ ವಂಶದವನೇ.

ಎಪ್ಪತ್ತು ವರ್ಷಗಳ ನಂತರ ಅದೇ ನಿಯಮಕ್ಕೆ ಚಕ್ರವರ್ತಿ ಫ್ರಾಂಜ್ ಜೋಸೆಫನ ತಮ್ಮನ ಮಗ ಫ್ರಾಂಜ್ ಫರ್ಡಿನಾಂಡ್ ಎದುರಾದ. ಈ ಸಲ ಗಂಡು 13ನೇ ಮಗುವಲ್ಲ, ಮುಂದಿನ ಚಕ್ರವರ್ತಿಯಾಗಬೇಕಿದ್ದವನು. ಅವನನ್ನು ಪ್ರೀತಿಸುವುದು ಸುಲಭವಲ್ಲ. ಮುಂಗೋಪಿ. ಬೇಟೆಯ ಹುಚ್ಚು ಎಷ್ಟೆಂದರೆ ಜೀವಮಾನದಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಾಣಿ ಪಕ್ಷಿಗಳನ್ನು ಹೊಡೆದಿದ್ದ. ಅದರ ಲೆಕ್ಕವನ್ನೂ ಬರೆದಿಟ್ಟಿದ್ದರು. 1892-93ರಲ್ಲಿ ಹಡಗಿನಲ್ಲಿ ಜಗತ್ತು ಸುತ್ತಿದಾಗ ಭಾರತಕ್ಕೂ ಬಂದ. ಮುಂಬೈ, ಹೈದರಾಬಾದ್, ಕಲ್ಕತ್ತಾ, ದೆಹಲಿ ನೋಡಿ, ಇಲ್ಲಿಯೂ ಬೇಟೆಯಾಡಿದ. ಅವನು ಒಯ್ದ ಸಾವಿರಾರು ವಸ್ತುಗಳು ಇಂದು ವಿಯೆನ್ನಾದ ಮ್ಯೂಸಿಯಂಗಳಲ್ಲಿವೆ. ಆದರೆ ಹೆಂಡತಿಯ ವಿಷಯದಲ್ಲಿ ಅವನು ತೋರಿದ ನಿಷ್ಠೆಗೆ ತಲೆಬಾಗಲೇಬೇಕು.

ಸೋಫೀ ಖೋಟೆಕ್ ಬೊಹೀಮಿಯಾದ ಹಳೆಯ ಕೌಂಟ್ ಕುಟುಂಬದವಳು. ಆರ್ಚ್‌ಡಚೆಸ್ ಇಸಬೆಲ್ಲಾಳ ಸಖಿಯಾಗಿ ಕೆಲಸಕ್ಕಿದ್ದಳು. ಫ್ರಾಂಜ್ ಫರ್ಡಿನಾಂಡ್ ಪದೇ ಪದೇ ಆ ಮನೆಗೆ ಬರುತ್ತಿದ್ದುದನ್ನು ಕಂಡು, ತನ್ನ ಮಗಳಿಗಾಗಿಯೇ ಬರುತ್ತಿದ್ದಾನೆ ಎಂದು ಇಸಬೆಲ್ಲಾ ನಂಬಿದ್ದಳು. ವಿಷಯ ಹೊರಬಿದ್ದಾಗ ದೊಡ್ಡ ರಾದ್ಧಾಂತವಾಯಿತು. ಚಕ್ರವರ್ತಿ ಒಪ್ಪಲಿಲ್ಲ, ಇವನು ಬಿಡಲಿಲ್ಲ. ಕೊನೆಗೆ 1900ರ ಜೂನ್ 28ರಂದು ವಿಯೆನ್ನಾದ ಹೋಫ್‌ಬುರ್ಗ್ ಅರಮನೆಯಲ್ಲಿ ಆರ್ಚ್‌ಡ್ಯೂಕ್‌ಗಳೆಲ್ಲರ ಮುಂದೆ ಅವನು ಪ್ರಮಾಣ ಮಾಡಿದ. ತನ್ನ ಹೆಂಡತಿ ಎಂದೂ ಚಕ್ರವರ್ತಿನಿ ಆಗುವುದಿಲ್ಲ, ತನ್ನ ಮಕ್ಕಳಿಗೆ ಸಿಂಹಾಸನ ಸಿಗುವುದಿಲ್ಲ ಎಂದು ಬರೆದುಕೊಟ್ಟ. ಮೂರು ದಿನದ ಮೇಲೆ ಮದುವೆ. ಚಕ್ರವರ್ತಿ ಬರಲಿಲ್ಲ, ಸ್ವಂತ ತಮ್ಮಂದಿರೂ ಬರಲಿಲ್ಲ.

ಅಲ್ಲಿಂದ ಮುಂದೆ ಸೋಫೀ ಪಾಲಿಗೆ ಪ್ರತಿದಿನವೂ ಅವಮಾನ. ಅರಮನೆಯ ಸಮಾರಂಭದಲ್ಲಿ ಅವಳು ಗಂಡನ ಪಕ್ಕ ನಡೆಯುವಂತಿಲ್ಲ. ಮನೆಯ ಅತಿ ಚಿಕ್ಕ ಆರ್ಚ್‌ಡಚೆಸ್ ಒಳಗೆ ಹೋದ ಮೇಲೆಯೇ ಇವಳ ಸರದಿ. ಅಧಿಕೃತ ಮೆರವಣಿಗೆಯಲ್ಲಿ ಒಂದೇ ಗಾಡಿಯಲ್ಲಿ ಕೂರುವಂತಿಲ್ಲ. ಆದರೆ ಸರಾಯೆವೊಗೆ ಅವನು ಹೋಗಿದ್ದು ಸೇನೆಯ ಇನ್ಸ್‌ಪೆಕ್ಟರ್ ಜನರಲ್ ಆಗಿ. ಅಲ್ಲಿ ಅರಮನೆಯ ಕಟ್ಟುಪಾಡು ನಡೆಯುವುದಿಲ್ಲ. ಹಾಗಾಗಿ ಅಂದು ಅವಳು ಅವನ ಜೊತೆ ಒಂದೇ ಕಾರಿನಲ್ಲಿ ಕೂತಿದ್ದಳು. ಅದು ಆ ಪ್ರಮಾಣದ 14ನೇ ವರ್ಷದ ದಿನ. ಇಬ್ಬರೂ ಸತ್ತರು. ಸತ್ತ ಮೇಲೂ ಬಿಡಲಿಲ್ಲ: ವಿಯೆನ್ನಾದಲ್ಲಿ ಅವಳ ಪೆಟ್ಟಿಗೆಯನ್ನು ಅವನದಕ್ಕಿಂತ ಕೆಳಗಿನ ಪೀಠದಲ್ಲಿ ಇಟ್ಟರು. ಹಾಬ್ಸ್‌ಬರ್ಗ್‌ಗಳ ಸಮಾಧಿ ಇರುವ ಕಪುಚಿನ್ ಚರ್ಚಿನ ನೆಲಮಾಳಿಗೆಯಲ್ಲಿ ಅವಳಿಗೆ ಜಾಗ ಸಿಗುವುದಿಲ್ಲ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅದಕ್ಕೇ ತನ್ನ ಆರ್ಟ್‌ಸ್ಟೆಟನ್ ಕೋಟೆಯಲ್ಲಿ ಇಬ್ಬರಿಗೂ ಸಮಾಧಿ ಕಟ್ಟಿಸಿಟ್ಟಿದ್ದ.

ಹಟ ಹಿಡಿದು ಒಳಗೇ ಉಳಿದವರು ಇವರು. ಬಿಟ್ಟು ಹೊರಟವರೂ ಇದ್ದರು. ಚಕ್ರವರ್ತಿ ಫ್ರಾಂಜ್ ಜೋಸೆಫನ ತಮ್ಮ ಮ್ಯಾಕ್ಸಿಮಿಲಿಯನ್ 1864ರಲ್ಲಿ ಮೆಕ್ಸಿಕೋದ ಸಿಂಹಾಸನ ಒಪ್ಪಿಕೊಂಡ. ಹೊರಡುವ ಮುಂಚೆ ಅಣ್ಣ ತಾನೇ ಬಂದು, ಆಸ್ಟ್ರಿಯಾದ ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿಸಿಕೊಂಡ. ಮೂರು ವರ್ಷದಲ್ಲಿ, 1867ರ ಜೂನ್ 19ರಂದು, ಮೆಕ್ಸಿಕೋದ ಗಣರಾಜ್ಯ ಪಡೆ ಅವನನ್ನು ಗುಂಡಿಕ್ಕಿ ಕೊಂದಿತು. ಟಸ್ಕನಿ ಕವಲಿನ ಯೋಹಾನ್ ಸಾಲ್ವಟೋರ್ ಸೇನೆಯ ತರಬೇತಿ ಬಗ್ಗೆ ಬಹಿರಂಗವಾಗಿ ಟೀಕೆ ಬರೆದು ಮೇಲಿನವರ ಕೋಪಕ್ಕೆ ಗುರಿಯಾದ. 1889ರಲ್ಲಿ ಪದವಿ ಬಿಟ್ಟು ಯೋಹಾನ್ ಓರ್ಟ್ ಎಂದು ಹೆಸರು ಬದಲಿಸಿಕೊಂಡ. ಹಡಗು ಕೊಂಡು ದಕ್ಷಿಣ ಅಮೆರಿಕಕ್ಕೆ ಹೋದ. 1890ರಲ್ಲಿ ಕೇಪ್ ಹಾರ್ನ್ ಕಡೆ ಹೊರಟ ಆ ಹಡಗು ಮತ್ತೆ ಯಾರಿಗೂ ಕಾಣಲಿಲ್ಲ. ಅದೇ ಕವಲಿನ ಲಿಯೋಪೋಲ್ಡ್ 1902ರಲ್ಲಿ ಹೊರಬಂದು ಲಿಯೋಪೋಲ್ಡ್ ವೋಲ್ಫ್ಲಿಂಗ್ ಆದ. ಏನೇನೋ ಕೆಲಸ ಮಾಡಿ 1935ರಲ್ಲಿ ಬರ್ಲಿನ್‌ನಲ್ಲಿ ಬಡತನದಲ್ಲೇ ತೀರಿಕೊಂಡ. ಫ್ರಾಂಜ್ ಫರ್ಡಿನಾಂಡನ ಸ್ವಂತ ತಮ್ಮ ಫರ್ಡಿನಾಂಡ್ ಕಾರ್ಲ್ ಒಬ್ಬ ಪ್ರೊಫೆಸರ್ ಮಗಳನ್ನು ಗುಟ್ಟಾಗಿ ಮದುವೆಯಾಗಿ, 1911ರಲ್ಲಿ ಪದವಿ ಕಳೆದುಕೊಂಡು ಫರ್ಡಿನಾಂಡ್ ಬುರ್ಗ್ ಆದ.

ಸುಮ್ನೆ ಕೂರಲಾಗದೆ ಓದು ಬರಹಕ್ಕೆ ಇಳಿದವರು ನನ್ನ ಕಣ್ಣಿಗೆ ಹೆಚ್ಚು ಅದೃಷ್ಟವಂತರು. ಲುಡ್ವಿಗ್ ಸಾಲ್ವಟೋರ್ ಅರಮನೆಯ ಕಡೆ ತಲೆ ಹಾಕದೆ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ನೆಲೆಸಿದ. ಅಲ್ಲಿನ ಜನ, ಮನೆ, ಬೆಳೆ, ಹಾಡು, ಕಸುಬು ಎಲ್ಲವನ್ನೂ ದಾಖಲಿಸಿ 1869ರಿಂದ 1891ರವರೆಗೆ ದೊಡ್ಡ ಸಂಪುಟಗಳನ್ನೇ ತಂದ. ತಾನು ಕೊಂಡ ಜಮೀನಿನಲ್ಲಿ ಮರ ಕಡಿಯಲು ಬಿಡುತ್ತಿರಲಿಲ್ಲ. ಆರ್ಚ್‌ಡ್ಯೂಕ್ ರೈನರ್ ಈಜಿಪ್ಟಿನಲ್ಲಿ ಸಿಕ್ಕ ಪಪೈರಸ್ ಹಾಳೆಗಳ ದೊಡ್ಡ ರಾಶಿಯನ್ನೇ ಕೊಂಡುಕೊಂಡ. 1899ರಲ್ಲಿ ಅದನ್ನು ಚಕ್ರವರ್ತಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಕೊಟ್ಟ. ಅದು ಇಂದು ಆಸ್ಟ್ರಿಯಾದ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ.

1918ರಲ್ಲಿ ಸಾಮ್ರಾಜ್ಯವೇ ಮುರಿದುಬಿತ್ತು. 1919ರ ಏಪ್ರಿಲ್ 3ರಂದು ಹೊಸ ಗಣರಾಜ್ಯ ಎರಡು ಕಾನೂನು ಮಾಡಿತು. ಒಂದು, ರಾಜಮನೆತನದ ಮತ್ತು ಶ್ರೀಮಂತರ ಪದವಿಗಳೆಲ್ಲ ರದ್ದು. ಇನ್ನೊಂದು, ಹಾಬ್ಸ್‌ಬರ್ಗ್‌ಗಳು ಮನೆತನದ ಹಕ್ಕು ಬಿಟ್ಟುಕೊಟ್ಟು ಗಣರಾಜ್ಯಕ್ಕೆ ನಿಷ್ಠೆ ಹೇಳಬೇಕು, ಇಲ್ಲವೇ ದೇಶ ಬಿಡಬೇಕು. ಕುಟುಂಬ ನಿಧಿಯನ್ನೂ ಸರ್ಕಾರ ತೆಗೆದುಕೊಂಡಿತು, ಅದರ ಆದಾಯ ಯುದ್ಧದಲ್ಲಿ ಗಾಯಗೊಂಡವರಿಗೆ ಹೋಗಬೇಕೆಂದು ಬರೆಯಿತು. ಶತಮಾನಗಳಿಂದ ಯಜಮಾನನನ್ನು ಕೇಳಿ ಬದುಕಿದವರು ಒಂದೇ ದಿನದಲ್ಲಿ ತಮ್ಮ ದಾರಿ ತಾವೇ ನೋಡಿಕೊಳ್ಳಬೇಕಾಯಿತು.

ಆ ದಾರಿಗಳು ಎಲ್ಲೆಲ್ಲಿಗೋ ಹೋದವು. ಆರ್ಚ್‌ಡ್ಯೂಕ್ ವಿಲ್‌ಹೆಲ್ಮ್ ಉಕ್ರೇನಿನ ಸ್ವಾತಂತ್ರ್ಯಕ್ಕೆ ತನ್ನನ್ನು ಕೊಟ್ಟುಕೊಂಡ, ವಾಸಿಲ್ ವಿಶಿವಾನಿ ಎಂಬ ಉಕ್ರೇನಿ ಹೆಸರಿಟ್ಟುಕೊಂಡ. 1947ರಲ್ಲಿ ವಿಯೆನ್ನಾದಲ್ಲಿ ಸೋವಿಯತ್ ಪಡೆ ಹಿಡಿದೊಯ್ದಿತು. ಮರುವರ್ಷ ಕೀವ್ ಜೈಲಿನಲ್ಲಿ ಸತ್ತ. ಮಾಯರ್‌ಲಿಂಗ್‌ನಲ್ಲಿ ಸತ್ತ ರುಡಾಲ್ಫನ ಒಬ್ಬಳೇ ಮಗಳು ಎಲಿಸಬೆತ್ ಸಮಾಜವಾದಿ ಪಕ್ಷ ಸೇರಿ, ಪಕ್ಷದ ಕಾರ್ಯಕರ್ತ ಲಿಯೋಪೋಲ್ಡ್ ಪೆಟ್ಸ್‌ನೆಕ್‌ನನ್ನು ಮದುವೆಯಾದಳು. 1963ರಲ್ಲಿ ಸಾಯುವಾಗ ಅಜ್ಜನ ಮನೆಯಿಂದ ಬಂದ ಕಲಾವಸ್ತುಗಳನ್ನು ದೇಶಕ್ಕೇ ಬಿಟ್ಟಳು. ಫ್ರಾಂಜ್ ಫರ್ಡಿನಾಂಡನ ಇಬ್ಬರು ಗಂಡು ಮಕ್ಕಳನ್ನು 1938ರಲ್ಲಿ ನಾಜಿಗಳು ಡಾಖೌ ಶಿಬಿರಕ್ಕೆ ಹಾಕಿದರು. ಇಬ್ಬರೂ ಬದುಕಿ ಬಂದರು.

ಕೊನೆಯ ಚಕ್ರವರ್ತಿ ಕಾರ್ಲ್ 1922ರಲ್ಲಿ ಮಡೈರಾ ದ್ವೀಪದಲ್ಲಿ ತೀರಿಕೊಂಡಾಗ ಮನೆತನದ ಯಜಮಾನಿಕೆ ಒಂಬತ್ತು ವರ್ಷದ ಮಗ ಓಟ್ಟೋಗೆ ಬಂತು. ಓಟ್ಟೋ 1961ರಲ್ಲಿ ಸಿಂಹಾಸನದ ಹಕ್ಕನ್ನು ಬಿಟ್ಟುಕೊಡುವುದಾಗಿ ಬರೆದುಕೊಟ್ಟರು. ಆದರೂ ಆಸ್ಟ್ರಿಯಾ ನೆಲಕ್ಕೆ ಕಾಲಿಡಲು 1966ರವರೆಗೆ ಕಾಯಬೇಕಾಯಿತು. 1979ರಿಂದ 20 ವರ್ಷ ಬವೇರಿಯಾದ ಪಕ್ಷವೊಂದರಿಂದ ಯುರೋಪಿಯನ್ ಸಂಸತ್ತಿನ ಸದಸ್ಯರಾಗಿದ್ದರು. 2011ರ ಜುಲೈ 4ರಂದು ತೀರಿಕೊಂಡರು. ಹಾಬ್ಸ್‌ಬರ್ಗ್ ಮನೆಯವರು ಆಸ್ಟ್ರಿಯಾದ ಅಧ್ಯಕ್ಷ ಚುನಾವಣೆಗೆ ನಿಲ್ಲಬಾರದು ಎಂಬ ನಿಷೇಧ ಅದೇ ವರ್ಷ ರದ್ದಾಯಿತು.